ಅಂಡಮಾನ್‌ನಲ್ಲಿ ಮೊದಲ ಸ್ಕೂಬಾ, ಜೊತೆಗೆ ವಂಡೂರಿನ ಸಾಗರ ಉದ್ಯಾನ: ಹೊರಡುವ ಮುಂಚೆ ಓದಿಕೊಳ್ಳಿ

ಟಿಕೆಟ್ ಬುಕ್ ಮಾಡುವ ಮುಂಚೆ ಒಂದು ಚೀಟಿ ತಗೊಂಡು ವಾಪಸ್ ಬರುವ ವಿಮಾನದ ದಿನ, ಹೊತ್ತು ಬರೆಯಿರಿ. ಅಲ್ಲಿಂದ ಹಿಂದಕ್ಕೆ ಎಣಿಸಿಕೊಂಡು ಬನ್ನಿ. ಸ್ಕೂಬಾ ಪ್ರವಾಸದ ಲೆಕ್ಕ ಶುರುವಾಗುವುದೇ ಕೊನೆಯಿಂದ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿನಡಿ ಹೋಗಿ ಬಂದ ಮೇಲೆ ಕೂಡಲೇ ವಿಮಾನ ಹತ್ತುವಂತಿಲ್ಲ. ಒಂದೇ ಒಂದು ಡೈವ್ ಆಗಿದ್ದರೆ ಕನಿಷ್ಠ 12 ಗಂಟೆ, ಒಂದಕ್ಕಿಂತ ಜಾಸ್ತಿ ಡೈವ್ ಮಾಡಿದ್ದರೆ ಕನಿಷ್ಠ 18 ಗಂಟೆ ಕಾಯಬೇಕು. ನಾನಂತೂ ಈ ಲೆಕ್ಕದ ತಂಟೆಯೇ ಬೇಡ ಅಂತ ಪೂರ್ತಿ 24 ಗಂಟೆ ಇಟ್ಟುಕೊಂಡಿದ್ದೇನೆ.

ಕಾರಣ ಗೊತ್ತಾಗಬೇಕಾದರೆ ಗೋಲಿ ಸೋಡಾ ನೆನಪು ಮಾಡಿಕೊಳ್ಳಿ. ಆಳದಲ್ಲಿ ಒತ್ತಡ ಜಾಸ್ತಿ. ನಾವು ಎಳೆದುಕೊಳ್ಳುವ ಗಾಳಿಯಲ್ಲಿರುವ ನೈಟ್ರೋಜನ್ ಆ ಒತ್ತಡಕ್ಕೆ ರಕ್ತದಲ್ಲಿ, ಮಾಂಸದಲ್ಲಿ ಕರಗಿ ಕೂರುತ್ತದೆ. ನಿಧಾನವಾಗಿ ಮೇಲೆ ಬಂದರೆ ಉಸಿರಿನ ಜೊತೆ ತಾನಾಗಿ ಹೊರಟುಹೋಗುತ್ತದೆ. ಒತ್ತಡ ಗಬಕ್ಕನೆ ಇಳಿದರೆ ಗೋಲಿ ಒತ್ತಿದ ಸೋಡಾದ ಹಾಗೆ ಗುಳ್ಳೆ ಏಳುತ್ತದೆ, ಅದೂ ಮೈಯೊಳಗೆ. ಕೀಲು ನೋವು, ಮೈ ಜುಮ್ಮೆನ್ನುವುದು, ತಲೆ ಸುತ್ತು, ಕೆಟ್ಟರೆ ಕೈಕಾಲಿಗೆ ಸ್ವಾಧೀನವೇ ತಪ್ಪುವುದು. ವಿಮಾನದೊಳಗಿನ ಗಾಳಿ ಸುಮಾರು 2,000 ಮೀಟರ್ ಎತ್ತರದ ಗಾಳಿಯಷ್ಟೇ ತೆಳು, ಅಂದರೆ ಮುಳ್ಳಯ್ಯನಗಿರಿ ತುದಿಯಲ್ಲಿ ನಿಂತ ಹಾಗೆ ಅಂದುಕೊಳ್ಳಿ. ಈ ಮಾತು ನಮ್ಮ ಮುರುಡೇಶ್ವರಕ್ಕೂ ಅನ್ವಯಿಸುತ್ತದೆ. ಅಲ್ಲಿನ ನೇತ್ರಾಣಿ ದ್ವೀಪದಲ್ಲಿ ಡೈವ್ ಮಾಡಿ ಅದೇ ಸಂಜೆ ಘಾಟಿ ಹತ್ತಿ ಬೆಂಗಳೂರಿಗೆ ಓಡುವವರು ಬಹಳ ಜನ ಇದ್ದಾರೆ. ಬೆಂಗಳೂರೂ 900 ಮೀಟರ್ ಎತ್ತರದಲ್ಲಿದೆ ಸ್ವಾಮಿ. ಎಷ್ಟು ಹೊತ್ತು ಬಿಟ್ಟು ಹೊರಡಬೇಕು ಅಂತ ಬೋಧಕರನ್ನು ಕೇಳಿಕೊಂಡೇ ಬಸ್ ಬುಕ್ ಮಾಡಿ.

ದಿನಗಳನ್ನು ಹೊಂದಿಸುವುದು

ಬೆಂಗಳೂರಿನಿಂದ ಪೋರ್ಟ್ ಬ್ಲೇರ್‌ಗೆ ನೇರ ವಿಮಾನದಲ್ಲಿ ಸುಮಾರು ಎರಡೂವರೆ ಗಂಟೆ. ಊರಿನ ಹೆಸರು 2024ರಲ್ಲಿ ಶ್ರೀ ವಿಜಯಪುರಂ ಅಂತ ಆಗಿದೆ. 2018ರ ಕೊನೆಯಲ್ಲೇ ಹ್ಯಾವ್ಲಾಕ್ ಸ್ವರಾಜ್ ದ್ವೀಪವಾಯಿತು, ನೀಲ್ ಶಹೀದ್ ದ್ವೀಪವಾಯಿತು. ಜನರ ಬಾಯಲ್ಲಿ ಹಳೆಯ ಹೆಸರೇ ಓಡಾಡುತ್ತದೆ, ಬುಕಿಂಗ್‌ನಲ್ಲಿ ಎರಡೂ ಕಾಣಿಸುತ್ತವೆ, ಗಾಬರಿಯಾಗಬೇಡಿ.

ನನ್ನ ಲೆಕ್ಕದಲ್ಲಿ ಎಂಟು ದಿನ ಬೇಕು. ಮೊದಲ ದಿನ ಇಳಿದು ಸುಮ್ನೆ ಇರಿ, ಸಂಜೆ ಸೆಲ್ಯುಲರ್ ಜೈಲು ನೋಡಿ. ಎರಡನೇ ದಿನ ವಂಡೂರು. ಮೂರನೇ ದಿನ ಬೆಳಿಗ್ಗೆ ಫೆರಿ ಹಿಡಿದು ಹ್ಯಾವ್ಲಾಕ್. ಖಾಸಗಿ ಫೆರಿಗೆ ಒಂದೂವರೆ ಗಂಟೆ, ಸರಕಾರಿ ಹಡಗಿಗೆ ಇನ್ನೊಂದು ಗಂಟೆ ಜಾಸ್ತಿ. ಮಧ್ಯಾಹ್ನದಿಂದ ಪಾಠ ಶುರು. ನಾಲ್ಕು, ಐದು, ಆರು ನೀರಿನಲ್ಲಿ. ಏಳನೇ ದಿನ ಒಣ ದಿನ, ಅವತ್ತು ರಾಧಾನಗರ ಬೀಚ್ ನೋಡಿಕೊಂಡು ವಾಪಸ್ ಫೆರಿ. ಎಂಟನೇ ದಿನ ವಿಮಾನ. ನಾಲ್ಕೇ ದಿನದ ರಜೆ ಇರುವವರು ದಯವಿಟ್ಟು ಡೈವ್ ಅನ್ನು ಕೊನೆಯ ದಿನಕ್ಕೆ ನೂಕಬೇಡಿ. ಒಂದೇ ಡೈವ್ ಸಾಕು, ಎರಡನೇ ದಿನವೇ ಮುಗಿಸಿ.

ಕಾಲ ಯಾವುದು? ನವೆಂಬರ್‌ನಿಂದ ಮೇ ಮೊದಲ ವಾರದವರೆಗೆ. ಅದರಲ್ಲೂ ಜನವರಿಯಿಂದ ಏಪ್ರಿಲ್ ತನಕ ಸಮುದ್ರ ಶಾಂತ, ನೀರು ತಿಳಿ. ಮೇ ಮಧ್ಯಕ್ಕೆ ಅಲ್ಲಿ ಮಳೆ ಹಿಡಿಯುತ್ತದೆ, ಅಕ್ಟೋಬರ್‌ನಿಂದ ಡಿಸೆಂಬರ್ ನಡುವೆ ಬಂಗಾಳ ಕೊಲ್ಲಿಯ ಚಂಡಮಾರುತ ಎದ್ದರೆ ಫೆರಿಯೇ ನಿಂತುಹೋಗುತ್ತದೆ. ಆದ್ದರಿಂದ ಫೆರಿ ಮತ್ತು ವಿಮಾನವನ್ನು ಒಂದೇ ದಿನಕ್ಕೆ ಗಂಟು ಹಾಕಬೇಡಿ. ಇನ್ನೊಂದು ವಿಷಯ, ಅಲ್ಲಿಯೂ ನಮ್ಮದೇ ಗಡಿಯಾರ, ಆದರೆ ಊರು ಎಷ್ಟೋ ಪೂರ್ವಕ್ಕಿದೆ. ಬೆಳಿಗ್ಗೆ ಐದಕ್ಕೆಲ್ಲ ಬೆಳಕು, ಸಂಜೆ ಐದೂವರೆಗೆ ಕತ್ತಲು. ಡೈವ್ ದೋಣಿಗಳು ಬೆಳ್ಳಂಬೆಳಿಗ್ಗೆಯೇ ಹೊರಡುತ್ತವೆ. ಎಂಟಕ್ಕೆ ಏಳುವವರು ಈಗಿನಿಂದಲೇ ಅಭ್ಯಾಸ ಮಾಡಿಕೊಳ್ಳಿ.

ಮೈ ಒಪ್ಪುತ್ತದಾ ಅಂತ ನೋಡುವುದು

ಪ್ರತಿ ಡೈವ್ ಶಾಲೆಯೂ ಒಂದು ಆರೋಗ್ಯದ ಫಾರ್ಮ್ ಕೊಡುತ್ತದೆ. ಅದರಲ್ಲಿ ಎಲ್ಲದಕ್ಕೂ ‘ಇಲ್ಲ’ ಅಂತ ಟಿಕ್ ಹಾಕಿ ಸಹಿ ಮಾಡುವುದು ನಮ್ಮವರ ಚಾಳಿ. ಹಾಗೆ ಮಾಡಬೇಡಿ. ಉಬ್ಬಸ, ಹೃದಯದ ತೊಂದರೆ, ಮೂರ್ಛೆ ರೋಗ, ಕಿವಿ ಅಥವಾ ಶ್ವಾಸಕೋಶದ ಆಪರೇಷನ್ ಆಗಿದ್ದರೆ ಊರಿನಲ್ಲೇ ವೈದ್ಯರಿಗೆ ತೋರಿಸಿ ಬರೆಸಿಕೊಂಡು ಹೋಗಿ. ಗರ್ಭಿಣಿಯರು ಸ್ಕೂಬಾ ಮಾಡಲೇಬಾರದು. ಸಾಮಾನ್ಯ ಪ್ರವಾಸ ವಿಮೆಯಲ್ಲಿ ಸ್ಕೂಬಾ ಸೇರಿರುವುದಿಲ್ಲ, ಓದಿ ನೋಡಿ. ಡೈವರ್ಸ್ ಅಲರ್ಟ್ ನೆಟ್‌ವರ್ಕ್‌ನಂಥ ಸಂಸ್ಥೆಗಳು ಡೈವರ್‌ಗಳಿಗೆಂದೇ ವಿಮೆ ಕೊಡುತ್ತವೆ.

ಎಲ್ಲಕ್ಕಿಂತ ಹೆಚ್ಚು ಜನರನ್ನು ಕೆಡವುವುದು ಬರೀ ನೆಗಡಿ. ನನ್ನದೇ ಕಥೆ ಕೇಳಿ. ನೇತ್ರಾಣಿಗೆ ಮೊದಲ ಸಲ ಹೋದಾಗ ಮೂಗು ಕಟ್ಟಿತ್ತು. ದುಡ್ಡು ಕಟ್ಟಿಯಾಗಿದೆ, ಗೆಳೆಯರೆಲ್ಲ ಬಂದಿದ್ದಾರೆ, ಒಂದು ಮಾತ್ರೆ ನುಂಗಿ ಯಾರಿಗೂ ಹೇಳದೆ ದೋಣಿ ಹತ್ತಿದೆ. ಮೂರು ಮೀಟರ್ ಇಳಿಯುವಷ್ಟರಲ್ಲಿ ಕಿವಿಯೊಳಗೆ ಯಾರೋ ದಬ್ಬಣ ತಿರುಗಿಸಿದ ಹಾಗಾಯಿತು. ಮೇಲೆ ಬಂದೆ. ಉಳಿದ ಎರಡು ಗಂಟೆ ದೋಣಿಯಲ್ಲಿ ಕೂತು ಬೇರೆಯವರ ಗುಳ್ಳೆ ಎಣಿಸುತ್ತಾ ವಾಂತಿ ಮಾಡಿದೆ. ತಪ್ಪು ಪೂರ್ತಿ ನನ್ನದೇ. ಮೂಗು ಕಟ್ಟಿದ್ದರೆ ನೀರಿಗೆ ಇಳಿಯಬೇಡಿ, ಮಾತ್ರೆಯ ಪ್ರಭಾವ ನೀರಿನಡಿಯೇ ಇಳಿದುಹೋದರೆ ಮೇಲೆ ಬರುವುದೇ ಕಷ್ಟ.

ಈಜು ಬರದಿದ್ದರೆ? ಒಂದು ಸಲದ ಪರಿಚಯ ಡೈವ್‌ಗೆ ಸಾಮಾನ್ಯವಾಗಿ ಈಜು ಕೇಳುವುದಿಲ್ಲ. ಓಪನ್ ವಾಟರ್ ಅನ್ನುವ ಮೊದಲ ಹಂತದ ಸರ್ಟಿಫಿಕೇಟ್‌ಗೆ ಮಾತ್ರ ನಿಲ್ಲದೆ 200 ಮೀಟರ್ ಈಜಬೇಕು, ಹತ್ತು ನಿಮಿಷ ತೇಲಬೇಕು. ವೇಗ ಯಾರೂ ನೋಡುವುದಿಲ್ಲ. ಸೋರೆಬುರುಡೆ ಕಟ್ಟಿಕೊಂಡು ಬಾವಿಯಲ್ಲಿ ಕಲಿತ ನಾಯಿ ಈಜೂ ನಡೆಯುತ್ತದೆ.

ಪರಿಚಯ ಡೈವೋ, ಸರ್ಟಿಫಿಕೇಟ್ ಕೋರ್ಸೋ

ಪರಿಚಯ ಡೈವ್ ಅಂದರೆ ಬೋಧಕರು ನಿಮ್ಮನ್ನು ಹಿಡಿದುಕೊಂಡೇ ಕರೆದೊಯ್ಯುತ್ತಾರೆ. ಆಳ ಹೆಚ್ಚೆಂದರೆ 12 ಮೀಟರ್, ವಯಸ್ಸು ಕನಿಷ್ಠ 10. ಓಪನ್ ವಾಟರ್ ಕೋರ್ಸ್ ಮೂರು ನಾಲ್ಕು ದಿನದ್ದು. ಓದು, ಕಡಿಮೆ ನೀರಿನಲ್ಲಿ ಅಭ್ಯಾಸ, ಆಮೇಲೆ ಸಮುದ್ರದಲ್ಲಿ ನಾಲ್ಕು ಡೈವ್. ಮುಗಿದರೆ 18 ಮೀಟರ್ ತನಕ ಹೋಗಬಹುದು. ಸರ್ಟಿಫಿಕೇಟ್ ಕೊಡುವ ಸಂಸ್ಥೆಗಳಾದ ಪಾಡಿ, ಎಸ್‌ಎಸ್‌ಐ ಎರಡರ ಕಾರ್ಡ್‌ಗಳೂ ಜಗತ್ತಿನಲ್ಲೆಲ್ಲ ನಡೆಯುತ್ತವೆ, ಯಾವುದು ಒಳ್ಳೆಯದು ಅಂತ ತಲೆ ಕೆಡಿಸಿಕೊಳ್ಳಬೇಡಿ. ಸಂಸ್ಥೆಗಿಂತ ಬೋಧಕ ಮುಖ್ಯ.

ಒಂದು ಸಲ ನೋಡಿದರೆ ಸಾಕು ಅನ್ನುವವರಿಗೆ ಪರಿಚಯ ಡೈವ್ ಸಾಕು. ಆದರೆ ಅದರಲ್ಲಿ ಅರ್ಧ ಹೊತ್ತು ಕ್ಯಾಮೆರಾ ಮುಂದೆ ಕೈ ಬೀಸುವುದರಲ್ಲೇ ಹೋಗುತ್ತದೆ. ದಿನ ಇದ್ದರೆ ಕೋರ್ಸ್‌ಗೇ ದುಡ್ಡು ಹಾಕಿ ಅನ್ನುವುದು ನನ್ನ ಮಾತು.

ಬುಕ್ ಮಾಡುವಾಗ ಬೆಲೆ ಕೇಳುವ ಮುಂಚೆ ಇವನ್ನು ಕೇಳಿ. ಒಬ್ಬ ಬೋಧಕನಿಗೆ ಎಷ್ಟು ಜನ? ಹೊಸಬರಿಗೆ ಒಬ್ಬರಿಗೊಬ್ಬರಿದ್ದರೆ ಚೆನ್ನ. ದೋಣಿಯಲ್ಲಿ ಆಕ್ಸಿಜನ್ ಇದೆಯಾ? ಒತ್ತಡದ ಕಾಯಿಲೆಗೆ ಚಿಕಿತ್ಸೆ ಕೊಡುವ ಚೇಂಬರ್ ಹತ್ತಿರದಲ್ಲಿ ಎಲ್ಲಿದೆ, ಅಲ್ಲಿಗೆ ಹೇಗೆ ಸಾಗಿಸುತ್ತೀರಿ? ಇಳಿಯುವ ಮುಂಚೆ ಕಡಿಮೆ ನೀರಿನಲ್ಲಿ ಅಭ್ಯಾಸ ಮಾಡಿಸುತ್ತೀರಾ? ಈ ಪ್ರಶ್ನೆಗಳಿಗೆ ಮುಖ ಸಿಂಡರಿಸುವ ಕಡೆ ಹೋಗಬೇಡಿ. ಎಷ್ಟೇ ಅಗ್ಗ ಇದ್ದರೂ.

ನೀರಿಗಿಳಿಯುವ ಮುಂಚೆ ಕಲಿಯಬೇಕಾದ ನಾಲ್ಕು ಸಂಗತಿ

ಒಂದನೆಯದು ಉಸಿರು. ಯಾವತ್ತೂ, ಯಾವ ಕಾರಣಕ್ಕೂ ಉಸಿರು ಕಟ್ಟಬೇಡಿ. ಬಾವಿಗೆ ಹಾರುವಾಗ ಉಸಿರು ಹಿಡಿದು ಅಭ್ಯಾಸವಾದ ನಮಗೆ ಇದೇ ದೊಡ್ಡ ತೊಡಕು. ಹತ್ತು ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಎರಡರಷ್ಟು, ಇಪ್ಪತ್ತರಲ್ಲಿ ಮೂರರಷ್ಟು. ಹತ್ತು ಮೀಟರ್‌ನಲ್ಲಿ ಎದೆ ತುಂಬ ಗಾಳಿ ಎಳೆದು ಬಾಯಿ ಮುಚ್ಚಿ ಮೇಲೆ ಬಂದಿರಿ ಅನ್ನಿ. ಮೇಲೆ ಬರುವಷ್ಟರಲ್ಲಿ ಆ ಗಾಳಿ ಎರಡರಷ್ಟು ಹಿಗ್ಗಬೇಕು. ಶ್ವಾಸಕೋಶ ರಬ್ಬರ್ ಬಲೂನಲ್ಲ. ಆದ್ದರಿಂದ ರೆಗ್ಯುಲೇಟರ್ (ಸಿಲಿಂಡರ್ ಗಾಳಿಯನ್ನು ಬಾಯಿಗೆ ಕೊಡುವ ಸಾಧನ) ಬಾಯಲ್ಲಿರುವಷ್ಟು ಹೊತ್ತೂ ಒಳಗೆ ಹೊರಗೆ, ಒಳಗೆ ಹೊರಗೆ. ಅದು ಬಾಯಿಂದ ಜಾರಿದರೂ ಸಣ್ಣಗೆ ಗುಳ್ಳೆ ಬಿಡುತ್ತಲೇ ಇರಬೇಕು. ಹೊರಗೆ ಬಿಡುವುದನ್ನು ಉದ್ದ ಮಾಡಿದಷ್ಟೂ ಎದೆಬಡಿತ ಇಳಿಯುತ್ತದೆ, ಸಿಲಿಂಡರ್ ಗಾಳಿಯೂ ಜಾಸ್ತಿ ಹೊತ್ತು ಬರುತ್ತದೆ.

ಎರಡನೆಯದು ಕಿವಿ. ಕಿವಿಯ ಒತ್ತಡ ಸರಿಯಾಗಲು ಮೂಗು ಹಿಡಿದು ಮೆಲ್ಲಗೆ ಊದಿ, ‘ಟಪ್’ ಅನ್ನಬೇಕು. ಕೆಲವರಿಗೆ ಎಂಜಲು ನುಂಗಿದರೇ ಸಾಕು. ನೋವು ಬಂದ ಮೇಲೆ ಅಲ್ಲ, ನೋವು ಬರುವ ಮುಂಚೆ, ಒಂದೊಂದು ಮೀಟರ್‌ಗೂ ಮಾಡಬೇಕು. ಬಿಡದಿದ್ದರೆ ಜೋರಾಗಿ ಊದಬೇಡಿ, ಅರ್ಧ ಮೀಟರ್ ಮೇಲೆ ಬಂದು ಮತ್ತೆ ನೋಡಿ. ಆಗಲಿಲ್ಲವೆಂದರೆ ಅವತ್ತಿಗೆ ಮುಗಿಯಿತು.

ಮಾಸ್ಕ್‌ನೊಳಗೆ ನೀರು ಬರುತ್ತದೆ, ಖಂಡಿತ ಬರುತ್ತದೆ. ಮಾಸ್ಕ್‌ನ ಮೇಲಂಚನ್ನು ಹಣೆಗೆ ಒತ್ತಿ, ಸ್ವಲ್ಪ ಮೇಲೆ ನೋಡುತ್ತಾ ಮೂಗಿನಿಂದ ಉಸಿರು ಬಿಡಿ, ನೀರು ಕೆಳಗಿನಿಂದ ಹೊರಟುಹೋಗುತ್ತದೆ. ಮೂಗಿಗೆ ನೀರು ಹೊಕ್ಕಿತು ಅಂತ ಗಾಬರಿಯಾಗಿ ಮೇಲಕ್ಕೆ ಚಿಮ್ಮುವವರೇ ಅಪಾಯಕ್ಕೆ ಸಿಕ್ಕುವುದು, ಅದಕ್ಕೇ ಇದನ್ನು ನಿಲ್ಲುವಷ್ಟು ನೀರಿನಲ್ಲಿ ಬೇಸರವಾಗುವಷ್ಟು ಸಲ ಮಾಡಿ. ದಪ್ಪ ಮೀಸೆ ಇರುವವರಿಗೆ ನೀರು ಜಾಸ್ತಿ ಸೋರುತ್ತದೆ. ಮೀಸೆ ಮೇಲಂಚಿನಲ್ಲಿ ಸ್ವಲ್ಪ ಟ್ರಿಮ್ ಮಾಡಿದರೆ ಸಾಕು, ಬೋಳಿಸಬೇಕಾಗಿಲ್ಲ. ಗಾಜು ಮಂಜಾಗದಿರಲು ಅದರೊಳಗೆ ಉಗಿದು ಒರೆಸಿ ತೊಳೆಯುತ್ತಾರೆ. ಅಸಹ್ಯ ಪಡಬೇಡಿ, ಎಲ್ಲರೂ ಅದನ್ನೇ ಮಾಡುವುದು.

ಕೊನೆಯದು ಕೈಸನ್ನೆ. ಹೆಬ್ಬೆರಳು ಎತ್ತಿದರೆ ‘ಸೂಪರ್’ ಅಂತ ಅಲ್ಲ, ‘ಮೇಲೆ ಹೋಗೋಣ’ ಅಂತ! ಮೀನು ನೋಡಿ ಖುಷಿಯಾಗಿ ಹೆಬ್ಬೆರಳು ತೋರಿಸಿ, ಬೋಧಕರು ಸೀದಾ ಮೇಲಕ್ಕೆ ಎಳೆದುಕೊಂಡು ಹೋದ ಪ್ರಸಂಗ ಪ್ರತಿ ದೋಣಿಯಲ್ಲೂ ಒಂದು ಸಿಗುತ್ತದೆ. ಚೆನ್ನಾಗಿದ್ದೇನೆ ಅನ್ನಲು ಹೆಬ್ಬೆರಳು, ತೋರುಬೆರಳು ಸೇರಿಸಿ ಸುತ್ತು ಮಾಡಿ. ಕೈ ಅಗಲಿಸಿ ಅತ್ತಿತ್ತ ಅಲ್ಲಾಡಿಸಿದರೆ ಏನೋ ಸರಿಯಿಲ್ಲ, ಆಮೇಲೆ ಸರಿಯಿಲ್ಲದ ಜಾಗ ತೋರಿಸಿ. ಜೊತೆಗಾರನಿಗೆ ‘ಬಡ್ಡಿ’ ಅನ್ನುತ್ತಾರೆ. ಸಾಲದ ಬಡ್ಡಿಯ ಹಾಗೆಯೇ, ಎಲ್ಲಿ ಹೋದರೂ ಬೆನ್ನು ಬಿಡಬಾರದು. ಇಳಿಯುವ ಮುಂಚೆ ಒಬ್ಬರ ಸಾಮಾನು ಇನ್ನೊಬ್ಬರು ನೋಡಬೇಕು. ಗಾಳಿ ತುಂಬುವ ಜಾಕೆಟ್, ತೂಕದ ಬೆಲ್ಟ್, ಪಟ್ಟಿಗಳು, ಸಿಲಿಂಡರ್ ವಾಲ್ವ್ ತೆರೆದಿದೆಯಾ, ಸಿಲಿಂಡರ್ ಗಾಳಿಯ ಒತ್ತಡದ ಮೀಟರ್ ಸುಮಾರು 200 ಬಾರ್ ತೋರಿಸುತ್ತಿದೆಯಾ. ಮೇಲೆ ಬಂದಾಗ 50 ಬಾರ್ ಉಳಿದಿರಬೇಕು.

ಡೈವ್ ದಿನ

ಖಾಲಿ ಹೊಟ್ಟೆಯೂ ಬೇಡ, ಪೂರಿ ಸಾಗುವೂ ಬೇಡ. ಎರಡು ಬ್ರೆಡ್, ಒಂದು ಬಾಳೆಹಣ್ಣು, ನೀರು ಜಾಸ್ತಿ. ಹಿಂದಿನ ರಾತ್ರಿ ಎಣ್ಣೆ ಹಾಕಿದ್ದರೆ ನೀರಿಗೆ ಇಳಿಯಬೇಡಿ. ವಾಂತಿ ಆಗುವವರು ದೋಣಿಯ ಮಧ್ಯದಲ್ಲಿ ಕೂತು ದೂರದ ದಡ ನೋಡಿ, ಮೊಬೈಲ್ ನೋಡಬೇಡಿ.

ಹೊಸಬರನ್ನು ಹ್ಯಾವ್ಲಾಕ್‌ನಲ್ಲಿ ಸಾಮಾನ್ಯವಾಗಿ ನೀಮೋ ರೀಫ್‌ಗೆ ಒಯ್ಯುತ್ತಾರೆ. ದಡದಿಂದಲೇ ನಡೆದು ಇಳಿಯಬಹುದು. ಜಾನೀಸ್ ಗಾರ್ಜ್, ಡಿಕ್ಸನ್ಸ್ ಪಿನಾಕಲ್ ಅಂತ ಕೇಳಿರುತ್ತೀರಿ, ಅವು ಆಳದ ಜಾಗಗಳು, ಪ್ರವಾಹವೂ ಇರುತ್ತದೆ. ಮೊದಲ ಸಲಕ್ಕೆ ಅವುಗಳ ಆಸೆ ಬೇಡ.

ಒಳಗೆ ಹೋದ ಕೂಡಲೇ ಎರಡು ಮೋಸ ನಡೆಯುತ್ತವೆ. ಎಲ್ಲವೂ ಮೂರನೇ ಒಂದರಷ್ಟು ದೊಡ್ಡದಾಗಿ, ಹತ್ತಿರವಾಗಿ ಕಾಣುತ್ತದೆ, ಹಾಗಾಗಿ ‘ಇಷ್ಟುದ್ದ ಮೀನು’ ಅಂತ ಮೇಲೆ ಬಂದು ಹೇಳುವಾಗ ಸ್ವಲ್ಪ ಕಡಿಮೆ ಮಾಡಿ ಹೇಳಿ. ಇನ್ನೊಂದು ಬಣ್ಣ. ನೀರು ಮೊದಲು ನುಂಗುವುದು ಕೆಂಪನ್ನು. ಕೆಲವೇ ಮೀಟರ್ ಇಳಿಯುವಷ್ಟರಲ್ಲಿ ಕೆಂಪು ಮಾಸುತ್ತದೆ, ಇನ್ನೂ ಕೆಳಗೆ ಎಲ್ಲ ನೀಲಿ ಬೂದು. ಬೋಧಕರು ಟಾರ್ಚ್ ಹಾಕಿದಾಗ ಕಪ್ಪು ಅಂದುಕೊಂಡಿದ್ದ ಬಂಡೆ ಕುಂಕುಮದ ಬಣ್ಣಕ್ಕೆ ತಿರುಗುತ್ತದೆ ನೋಡಿ, ಆ ಕ್ಷಣಕ್ಕೇ ಕೊಟ್ಟ ದುಡ್ಡು ವಸೂಲಿ.

ಅಲ್ಲಾಡಬೇಡಿ. ಹೊಸಬರು ಕೈಯಲ್ಲಿ ನೀರು ಬಡಿದು ಬಡಿದು ಅರ್ಧ ಗಾಳಿ ಖಾಲಿ ಮಾಡುತ್ತಾರೆ. ಕೈ ಕಟ್ಟಿಕೊಳ್ಳಿ. ಗಾಳಿ ಎಳೆದುಕೊಂಡಾಗ ಮೈ ಸ್ವಲ್ಪ ಮೇಲೇಳುತ್ತದೆ, ಬಿಟ್ಟಾಗ ಇಳಿಯುತ್ತದೆ, ಅಷ್ಟರಲ್ಲೇ ತೇಲಾಟ. ಸುಮ್ನೆ ತೇಲುವವನ ಹತ್ತಿರ ಮೀನು ತಾನಾಗಿ ಬರುತ್ತದೆ. ಅನೆಮನಿ ಅನ್ನುವ ಹೂವಿನಂಥ ಕಡಲ ಪ್ರಾಣಿಯ ಎಳೆಗಳ ನಡುವೆ ಕಿತ್ತಳೆ ಬಣ್ಣದ ಪುಟ್ಟ ಕ್ಲೌನ್ ಮೀನು ನಿಮ್ಮ ಮಾಸ್ಕ್‌ಗೇ ನುಗ್ಗಿ ಜಗಳಕ್ಕೆ ಬರುತ್ತದೆ. ಅದರ ಮನೆ ಅದು, ಬಿಟ್ಟುಕೊಡಿ. ಜಗಳದಲ್ಲಿ ನಿಜಕ್ಕೂ ಹೆದರಬೇಕಾದ್ದು ಟೈಟನ್ ಟ್ರಿಗರ್ ಮೀನಿಗೆ. ಮೊಟ್ಟೆ ಕಾಯುವಾಗ ಕಚ್ಚುತ್ತದೆ. ತನ್ನ ಗೂಡಿನ ಮೇಲೆ ಆಲಿಕೆಯ ಹಾಗೆ, ಮೇಲಕ್ಕೆ ಹೋದಂತೆ ಅಗಲವಾಗುವ ಜಾಗವನ್ನೆಲ್ಲ ತನ್ನದು ಅನ್ನುತ್ತದೆ. ಆದ್ದರಿಂದ ಅಟ್ಟಿಸಿಕೊಂಡು ಬಂದರೆ ಮೇಲಕ್ಕಲ್ಲ, ಪಕ್ಕಕ್ಕೆ ಈಜಿ. ಕಲ್ಲು ಮೀನು ಥೇಟ್ ಕಲ್ಲೇ, ಬೆನ್ನಿನ ಮುಳ್ಳಿನಲ್ಲಿ ವಿಷ. ಕೆಳಗೆ ಕೈ ಊರಬೇಡಿ, ಮೊಣಕಾಲೂರಬೇಡಿ ಅಂತ ಹೇಳುವುದಕ್ಕೆ ಇದೂ ಒಂದು ಕಾರಣ.

ಮೇಲೆ ಬರುವುದು ನಿಧಾನ, ನಿಮಿಷಕ್ಕೆ 9 ಮೀಟರ್‌ಗಿಂತ ಜಾಸ್ತಿ ಬೇಡ. ನಿಮ್ಮದೇ ಸಣ್ಣ ಗುಳ್ಳೆಗಳು ನಿಮ್ಮನ್ನು ದಾಟಿ ಹೋಗುತ್ತಿರಲಿ, ನೀವು ಅವನ್ನು ದಾಟಬೇಡಿ. 5 ಮೀಟರ್‌ನಲ್ಲಿ ಮೂರು ನಿಮಿಷ ನಿಂತು ಆಮೇಲೆ ಮೇಲೆ.

ವಂಡೂರು: ಉದ್ಯಾನದ ದಿನ

ಪಟ್ಟಿಯಲ್ಲಿ ಇದು ಎರಡನೇ ದಿನದ್ದು, ಆದರೂ ಇಲ್ಲಿ ಕೊನೆಗೆ ಬರೆಯುತ್ತಿದ್ದೇನೆ, ಯಾಕೆಂದರೆ ಎಲ್ಲರೂ ಮೊದಲು ಓದುವುದು ಸ್ಕೂಬಾ ಭಾಗವನ್ನೇ. ಮಹಾತ್ಮ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನ ಆಗಿದ್ದು 1983ರಲ್ಲಿ. ಸುಮಾರು 281 ಚದರ ಕಿಲೋಮೀಟರ್, 15 ದ್ವೀಪಗಳು, ನಡುವೆ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಕಾಲುವೆಗಳು. ಪೋರ್ಟ್ ಬ್ಲೇರ್‌ನಿಂದ ವಂಡೂರು ಜೆಟ್ಟಿಗೆ ಸುಮಾರು 30 ಕಿಲೋಮೀಟರ್. ಪ್ರವಾಸಿಗರಿಗೆ ಬಿಡುವುದು ಜಾಲಿ ಬಾಯ್, ಇಲ್ಲವೇ ರೆಡ್ ಸ್ಕಿನ್, ಎರಡರಲ್ಲಿ ಒಂದಕ್ಕೆ ಮಾತ್ರ. ಒಂದು ತೆರೆದಾಗ ಇನ್ನೊಂದಕ್ಕೆ ರಜೆ, ಹವಳಕ್ಕೆ ಸುಧಾರಿಸಿಕೊಳ್ಳಲು. ಚಳಿಗಾಲ ಬೇಸಿಗೆಯಲ್ಲಿ ಹೋದರೆ ನಿಮಗೆ ಸಿಗುವುದು ಜಾಲಿ ಬಾಯ್. ಸೋಮವಾರ ಬಂದ್.

ಅರಣ್ಯ ಇಲಾಖೆಯ ಪರವಾನಗಿ ಬೇಕು, ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇದೆ, ಆದ್ದರಿಂದ ಮುಂಚೆಯೇ ಮಾಡಿಸಿ, ಗುರುತಿನ ಚೀಟಿ ಜೊತೆಗಿರಲಿ. ಜೆಟ್ಟಿಯಲ್ಲಿ ಬ್ಯಾಗ್ ತಡಕುತ್ತಾರೆ. ಬಿಸಾಡುವ ಪ್ಲಾಸ್ಟಿಕ್ ಒಳಗೆ ಹೋಗುವುದಿಲ್ಲ. ಚಿಪ್ಸ್ ಪ್ಯಾಕೆಟ್, ಮಿನರಲ್ ವಾಟರ್ ಎಲ್ಲ ಅಲ್ಲೇ ಬಿಡಬೇಕು. ಚಿತ್ರಾನ್ನವೋ ಚಪಾತಿಯೋ ಸ್ಟೀಲ್ ಡಬ್ಬಿಯಲ್ಲಿ, ನೀರು ಸ್ಟೀಲ್ ಬಾಟಲಿಯಲ್ಲಿ ಹಾಕಿಕೊಂಡು ಹೋದರೆ ಜಗಳವೇ ಇಲ್ಲ. ದ್ವೀಪದಲ್ಲಿ ಅಂಗಡಿ ಇಲ್ಲ, ಹೋಟೆಲ್ ಇಲ್ಲ. ಬಟ್ಟೆ ಬದಲಾಯಿಸಲು ಒಳ್ಳೆಯ ಜಾಗ ಸಿಗುತ್ತದೆ ಅನ್ನುವ ನಂಬಿಕೆಯೂ ಬೇಡ.

ಇಲ್ಲಿ ಸ್ನಾರ್ಕಲಿಂಗ್ (ಬಾಯಲ್ಲಿ ಕೊಳವೆ ಇಟ್ಟುಕೊಂಡು ನೀರಿನ ಮೇಲೆಯೇ ತೇಲುತ್ತಾ ಕೆಳಗೆ ನೋಡುವುದು) ಮತ್ತು ಗಾಜಿನ ತಳದ ದೋಣಿ. ವಯಸ್ಸಾದ ಅಪ್ಪ ಅಮ್ಮ ಜೊತೆಗಿದ್ದರೆ ಗಾಜಿನ ದೋಣಿಯೇ ಸರಿ. ನನ್ನನ್ನು ಕೇಳಿದರೆ ಸ್ಕೂಬಾಗಿಂತ ಮೊದಲು ಇಲ್ಲಿ ಒಂದು ಗಂಟೆ ಸ್ನಾರ್ಕಲ್ ಹಾಕಿಕೊಂಡು ತೇಲಿ. ಬಾಯಿಂದ ಉಸಿರಾಡುವುದು, ಮುಖ ನೀರಿನಲ್ಲಿಡುವುದು ಎರಡೂ ಪುಕ್ಕಟೆ ಅಭ್ಯಾಸ.

ಹವಳ ಕಲ್ಲಲ್ಲ, ಜೀವ. ಬೆರಳ ತುದಿಗಿಂತ ಸಣ್ಣ ಪ್ರಾಣಿಗಳು ಸೇರಿ ಕಟ್ಟಿಕೊಂಡ ಕೇರಿ. ಅವುಗಳ ಮೈಯೊಳಗೆ ಪಾಚಿ ಬಾಡಿಗೆಗೆ ಇರುತ್ತದೆ, ಬಿಸಿಲಿನಿಂದ ಆಹಾರ ಮಾಡಿ ಬಾಡಿಗೆ ಕಟ್ಟುತ್ತದೆ, ಬಣ್ಣವೂ ಅದರದ್ದೇ. ನೀರು ವಾರಗಟ್ಟಲೆ ತೀರಾ ಬಿಸಿಯಾದರೆ ಹವಳ ಆ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತದೆ. 1998ರಲ್ಲಿ, 2010ರಲ್ಲಿ ಅಂಡಮಾನ್ ಹವಳಕ್ಕೆ ಹೀಗೆ ದೊಡ್ಡ ಪೆಟ್ಟು ಬಿತ್ತು. ಆದ್ದರಿಂದ ಕೆಲವು ಕಡೆ ಬೂದು ಪುಡಿ ರಾಶಿ ಕಂಡರೆ ಮೋಸ ಹೋದೆವು ಅಂದುಕೊಳ್ಳಬೇಡಿ. ಪಕ್ಕದಲ್ಲೇ ಹೊಸ ಕೊಂಬೆ ಚಿಗುರಿರುತ್ತದೆ, ಹುಡುಕಿ. ಆ ಚಿಗುರಿನ ಮೇಲೆ ಒಬ್ಬರು ಫಿನ್ಸ್ (ಈಜಲು ಕಾಲಿಗೆ ಹಾಕುವ ರೆಕ್ಕೆ) ಇಟ್ಟು ನಿಂತರೆ ವರ್ಷಗಳ ಬೆಳವಣಿಗೆ ಪುಡಿ. ಸುಸ್ತಾದರೆ ಹವಳದ ಮೇಲೆ ನಿಲ್ಲಬೇಡಿ, ಬೆನ್ನ ಮೇಲೆ ತೇಲಿ, ಲೈಫ್ ಜಾಕೆಟ್ ಇದ್ದೇ ಇರುತ್ತದೆ. ಸನ್‌ಸ್ಕ್ರೀನ್ ಬಳಿದುಕೊಳ್ಳುವ ಬದಲು ತುಂಬು ತೋಳಿನ ಈಜುಬಟ್ಟೆ ಹಾಕಿ. ಹವಳಕ್ಕೆ ಕೆಡುಕು ಅಂತ ಆಕ್ಸಿಬೆನ್‌ಜೋನ್ ಅನ್ನುವ ರಾಸಾಯನಿಕ ಇರುವ ಸನ್‌ಸ್ಕ್ರೀನ್‌ಗಳ ಮಾರಾಟವನ್ನು ಹವಾಯಿಯಲ್ಲಿ ನಿಲ್ಲಿಸಿದ್ದಾರೆ.

ಮೊಸಳೆ ಬಗ್ಗೆ ತಮಾಷೆ ಮಾಡಬೇಡಿ. ಅಂಡಮಾನ್‌ನಲ್ಲಿ ಉಪ್ಪುನೀರಿನ ಮೊಸಳೆ ಇದೆ. 2010ರಲ್ಲಿ ರಾಧಾನಗರದ ಪಕ್ಕದಲ್ಲೇ ಸ್ನಾರ್ಕಲಿಂಗ್ ಮಾಡುತ್ತಿದ್ದ ಅಮೆರಿಕದ ಮಹಿಳೆಯೊಬ್ಬರು ಮೊಸಳೆಗೆ ಬಲಿಯಾದರು. ಬೋರ್ಡ್ ಹಾಕಿರುವ ಕಡೆ, ಕಾಂಡ್ಲಾ ಕಾಲುವೆ ಬಾಯಿಯಲ್ಲಿ, ಮುಸ್ಸಂಜೆಯಲ್ಲಿ ನೀರಿಗಿಳಿಯಬೇಡಿ. ಬಲೆ ಕಟ್ಟಿ ಗುರುತು ಹಾಕಿದ ಜಾಗದಲ್ಲೇ ಈಜಿ.

ಒಣ ದಿನ ಮತ್ತು ಬ್ಯಾಗ್

ಏಳನೇ ದಿನ ಮೈ ಭಾರ ಅನ್ನಿಸುವುದು ಸಹಜ. ಆದರೆ ಭುಜವೋ ಮೊಣಕೈಯೋ ಕಾರಣವಿಲ್ಲದೆ ನೋಯುತ್ತಿದ್ದರೆ, ಜುಮ್ಮೆನ್ನುತ್ತಿದ್ದರೆ, ಮಲಗಿದರೆ ಸರಿಹೋಗುತ್ತದೆ ಅಂತ ಬಿಡಬೇಡಿ, ಕೂಡಲೇ ಡೈವ್ ಶಾಲೆಗೆ ಫೋನ್ ಮಾಡಿ. ಉಳಿದಂತೆ ಲಾಗ್‌ಬುಕ್ ಬರೆದು ಬೋಧಕರ ಸಹಿ ಹಾಕಿಸಿ. ಆಳ, ನಿಮಿಷ, ಸೊಂಟಕ್ಕೆ ಕಟ್ಟಿದ ತೂಕ ಎಷ್ಟು ಅಂತ ಬರೆದಿಟ್ಟರೆ ಮುಂದಿನ ಸಲ ನೇತ್ರಾಣಿಯಲ್ಲಿ ಮೊದಲಿನಿಂದ ಶುರು ಮಾಡಬೇಕಾಗಿಲ್ಲ.

ಹೊರಡುವ ಮುಂಚೆ ಮಕ್ಕಳ ಬ್ಯಾಗ್ ಬೀಚ್‌ನಲ್ಲೇ ಕೊಡವಿ. ಹವಳದ ಚೂರು ಸತ್ತದ್ದೇ ಇರಲಿ, ಬಿದ್ದದ್ದೇ ಇರಲಿ, ಒಯ್ಯುವಂತಿಲ್ಲ. 1972ರ ವನ್ಯಜೀವಿ ಕಾಯ್ದೆಯಲ್ಲಿ ಹವಳ, ಕಡಲ ಸೌತೆ, ಕಡಲ ಕುದುರೆ ಎಲ್ಲ ಹುಲಿಯ ಸಾಲಿನಲ್ಲೇ, ಮೊದಲ ಪಟ್ಟಿಯಲ್ಲಿವೆ. ವಿಮಾನ ನಿಲ್ದಾಣದ ಸ್ಕ್ಯಾನರ್‌ನಲ್ಲಿ ಅದು ಕಂಡೇ ಕಾಣುತ್ತದೆ. ಸಿಕ್ಕಿದ್ದನ್ನು ಲಾಡ್ಜ್‌ನ ಕಸದ ಬುಟ್ಟಿಗೆ ಹಾಕಬೇಡಿ, ಎತ್ತಿಕೊಂಡ ನೀರಂಚಿಗೇ ಹಾಕಿ ಬನ್ನಿ. ಖಾಲಿ ಚಿಪ್ಪೊಂದು ಕಂಡರೂ ತಿರುಗಿಸಿ ನೋಡಿ, ಒಳಗೆ ಸನ್ಯಾಸಿ ಏಡಿ ಬಾಗಿಲು ಹಾಕಿಕೊಂಡು ಕೂತಿರುತ್ತದೆ.